ಬೆಡ್‌ಶೀಟ್ ಅಕ್ಕ ಎಂ.ಪಿ.ಎಚ್. ಮಾಡಿದ್ದು

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಜನರೇಟರ್ ಕೋಣೆಗೂ ಶವಾಗಾರಕ್ಕೂ ನಡುವೆ, ಒಂದು ಉದ್ದನೆಯ ಕೋಣೆ ಇತ್ತು. ಅದು ಬಟ್ಟೆ ಸ್ಟೋರು. ಬೆಡ್‌ಶೀಟು, ದಿಂಬಿನ ಕವರು, ಕಂಬಳಿ, ಆಪರೇಶನ್ ಥಿಯೇಟರಿನ ಹಸಿರು ಬಟ್ಟೆ ಎಲ್ಲವೂ ಲಾಂಡ್ರಿಯಿಂದ ಇಲ್ಲಿಗೇ ಬರಬೇಕು, ಇಲ್ಲಿಂದಲೇ ವಾರ್ಡುಗಳಿಗೆ ಹೋಗಬೇಕು. ಇಪ್ಪತ್ತೆರಡು ವರ್ಷದಿಂದ ಆ ಕೋಣೆಯ ಬೀಗದ ಕೈ ಒಬ್ಬಳ ಸೊಂಟದಲ್ಲೇ ಇತ್ತು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರ ಬಾಯಲ್ಲೂ ಅವಳು ಬೆಡ್‌ಶೀಟ್ ಅಕ್ಕ. ನಿವೃತ್ತಿಗೆ ಬಂದವರಿಗೂ ಅಕ್ಕನೇ, ನಿನ್ನೆ ಸೇರಿದವರಿಗೂ ಅಕ್ಕನೇ.

ಅಕ್ಕ ತನ್ನ ಕೆಲಸದಲ್ಲಿ ಪಳಗಿದವಳು. ಬೆಡ್‌ಶೀಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಇದು ಹೆರಿಗೆ ವಾರ್ಡಿನದು, ಇದು ಮೂಳೆ ವಾರ್ಡಿನದು, ಇದನ್ನು ಯಾರೋ ಮನೆಗೆ ಒಯ್ದು ಬೇರೆ ಸೋಪಲ್ಲಿ ಒಗೆದು ತಂದಿದ್ದಾರೆ ಅಂತ ಹೇಳಬಲ್ಲವಳು. ಹಾಗೆಯೇ ನಿವೃತ್ತಿ ಆಗಿ ಹೋಗಿರುತ್ತಿದ್ದಳೋ ಏನೋ. ಅಷ್ಟರಲ್ಲಿ ಹೊಸ ಸೂಪರಿಂಟೆಂಡೆಂಟರು ಬಂದರು. ಅವರು ಬಂದ ಮೊದಲ ವಾರದಲ್ಲೇ ಆಸ್ಪತ್ರೆಯ ನಕ್ಷೆಯೊಂದನ್ನು ಬರೆದು ಗೋಡೆಗೆ ಅಂಟಿಸಿದರು. ಅದರಲ್ಲಿ ಬಣ್ಣಬಣ್ಣದ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಕೆಳಗಡೆ ಮೂಲೆಯಲ್ಲಿ ಒಂದು ಹಳದಿ ಚೌಕದೊಳಗೆ ‘ಬಟ್ಟೆ ವಿಭಾಗ’ ಅಂತ ಇತ್ತು. ಅಲ್ಲಿಯವರೆಗೆ ಬರೀ ಕೋಣೆಯಾಗಿದ್ದದ್ದು ರಾತ್ರಿ ಕಳೆದು ಬೆಳಗಾಗುವುದರೊಳಗೆ ವಿಭಾಗವಾಗಿಬಿಟ್ಟಿತ್ತು.

ವಿಭಾಗ ಅಂದಮೇಲೆ ಮುಖ್ಯಸ್ಥರು ಬೇಕು. ಮುಖ್ಯಸ್ಥರು ಅಂದಮೇಲೆ ಸ್ನಾತಕೋತ್ತರ ಪದವಿ ಬೇಕು. ಅಕ್ಕನನ್ನು ಕರೆಸಿ ಸೂಪರಿಂಟೆಂಡೆಂಟರು ಇದನ್ನೇ ಹೇಳಿದರು.

“ಸರ್, ನಾನು ಬಿ.ಎಸ್ಸಿ. ಮಾಡಿದ್ದೀನಿ. ಸಸ್ಯಶಾಸ್ತ್ರ.”

“ಅದು ಈ ಚೌಕದಲ್ಲಿ ಕೂರೋದಿಲ್ಲಮ್ಮ. ಎರಡು ವರ್ಷ ಟೈಮ್ ಕೊಡ್ತೀನಿ. ಆಗಲಿಲ್ಲ ಅಂದ್ರೆ ಪಕ್ಕದ ವಿಭಾಗಕ್ಕೆ ಸೇರಿಸೋದೇ. ಅಲ್ಲಿನ ಮುಖ್ಯಸ್ಥರು ಎಂ.ಎ. ಮಾಡಿದ್ದಾರೆ, ಇತಿಹಾಸದಲ್ಲಿ.”

ಪಕ್ಕದ ವಿಭಾಗ ಅಂದರೆ ಶವಾಗಾರ. ಅಲ್ಲಿನ ಯಜಮಾನರು ಒಳ್ಳೆಯವರು, ಮಾತು ಕಡಿಮೆ, ಅಕ್ಕನ ಜೊತೆ ದಿನಾ ಹನ್ನೊಂದು ಗಂಟೆಗೆ ಟೀ ಕುಡಿಯುತ್ತಿದ್ದವರು. ಅವರ ಬಗ್ಗೆ ಅಕ್ಕನಿಗೆ ಏನೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಸೀಲಿನ ಬಗ್ಗೆ. ಪ್ರತಿ ಬೆಡ್‌ಶೀಟಿನ ಮೂಲೆಯಲ್ಲೂ ವಿಭಾಗದ ಸೀಲು ಬೀಳುತ್ತದೆ. ಹೊಟ್ಟೆ ನೋವು ಅಂತ ಬಂದವನು ಹಾಸಿಗೆ ಮೇಲೆ ಕೂತು ಸೀಲು ಓದಿದರೆ ‘ಶವಾಗಾರ ವಿಭಾಗ’ ಅಂತ ಇದ್ದರೆ ಏನಾಗಬೇಡ? ಎದ್ದು ಓಡುವವನು ಓಡುತ್ತಾನೆ, ಓಡಲಾಗದವನ ಗತಿ ಏನು?

ಮನೆಗೆ ಬಂದು ಅಕ್ಕ ಗಂಡನ ಮುಂದೆ ಎಲ್ಲ ಹೇಳಿದಳು. ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು ಅವನ ಬಲಗಾಲಿಗೆ ಒಂದು ರೋಗ ಹತ್ತಿತ್ತು: ಯಾರು ಜೋರಾಗಿ ಮಾತಾಡಿದರೂ ಕಾಲು ತಾನಾಗಿ, ಬ್ರೇಕ್ ಹಾಕುವ ಹಾಗೆ, ನೆಲವನ್ನು ಒತ್ತುತ್ತಿತ್ತು. ಅಕ್ಕ ‘ಶವಾಗಾರ’ ಅಂದಾಗ ಎರಡು ಸಲ ಒತ್ತಿದ. ಆಮೇಲೆ ಮೊಬೈಲು ತೆಗೆದು ಹುಡುಕಿದ.

“ನೋಡೇ, ಮನೇಲೇ ಕೂತು ಮಾಡಬಹುದಂತೆ. ಆನ್‌ಲೈನು. ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ ಡಿಗ್ರಿ. ಎಂ.ಪಿ.ಎಚ್. ಅಂತಾರೆ. ಎರಡು ವರ್ಷ.”

“ನಲವತ್ತೆಂಟಾಯ್ತು ರೀ ನನಗೆ.”

“ನನ್ನ ಹತ್ರ ಅರವತ್ತೆರಡರವರು ರಿವರ್ಸ್ ಕಲೀತಿದ್ದಾರೆ. ಸುಮ್ನೆ ಸೇರ್ಕೋ.”

ಸೇರಿಕೊಂಡಳು. ಪಾಠ ಕೇಳಲು ಮನೆಗಿಂತ ಸ್ಟೋರೇ ವಾಸಿ ಅಂತ ಎರಡೇ ದಿನಕ್ಕೆ ಗೊತ್ತಾಯಿತು. ಮಧ್ಯಾಹ್ನ ಎರಡರಿಂದ ಮೂರು ಲಾಂಡ್ರಿ ಗಾಡಿ ಬರುವುದಿಲ್ಲ. ಕಂಬಳಿ ಕಟ್ಟಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಎದುರು ಇನ್ನೊಂದು ಕಟ್ಟಿನ ಮೇಲೆ ಅಕ್ಕ ಕೂರುತ್ತಿದ್ದಳು. ಸುತ್ತಲೂ ಚಾವಣಿಯ ತನಕ ಬಟ್ಟೆ ಇದ್ದದ್ದರಿಂದ ಪಕ್ಕದ ಜನರೇಟರಿನ ಸದ್ದೂ ಅಲ್ಲಿ ಅಡಗಿಹೋಗುತ್ತಿತ್ತು. ಅವಳ ದನಿ ಎಷ್ಟು ಸ್ವಚ್ಛವಾಗಿ ಕೇಳುತ್ತಿತ್ತೆಂದರೆ, ಇವರು ರೇಡಿಯೋದಲ್ಲಿ ಕೆಲಸ ಮಾಡುವವರು ಅಂತ ಸಹಪಾಠಿಗಳು ಒಂದು ಸೆಮಿಸ್ಟರ್ ಪೂರ್ತಿ ನಂಬಿದ್ದರು.

ಅಂಕಿ-ಅಂಶದ ವಿಷಯ ಕಂಡರೆ ಎಲ್ಲರೂ ಬೆವರುತ್ತಿದ್ದರು. ಅಕ್ಕನಿಗೆ ಅದು ನೀರು ಕುಡಿದ ಹಾಗೆ. ಸಾವಿರದ ಇನ್ನೂರು ದಿಂಬಿನ ಕವರಿನಲ್ಲಿ ತಿಂಗಳಿಗೆ ಎಷ್ಟು ಕಾಣೆಯಾಗುತ್ತವೆ, ಮದುವೆ ಸೀಸನ್ನಿನಲ್ಲಿ ಎಷ್ಟು ಜಾಸ್ತಿ ಹೋಗುತ್ತವೆ ಅಂತ ಇಪ್ಪತ್ತೆರಡು ವರ್ಷ ನೋಡಿದವಳಿಗೆ ಸರಾಸರಿ ಅಂದರೇನು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಕಷ್ಟ ಇದ್ದದ್ದು ಬರೆಯುವುದರಲ್ಲಿ. ಅಕ್ಕ ಟೈಪ್ ಮಾಡಿದರೆ ಒಂದು ಪುಟಕ್ಕೆ ಒಂದು ಹಗಲು ಬೇಕು. ಅದಕ್ಕೆ ಅತ್ತೆ ಮುಂದೆ ಬಂದರು.

ಅತ್ತೆ ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಎಪ್ಪತ್ತಾರರಲ್ಲೂ ಹತ್ತು ಬೆರಳೂ ಕೀಲಿಗಳ ಮೇಲೆ ಮಳೆ ಬಿದ್ದ ಹಾಗೆ ಬೀಳುತ್ತಿದ್ದವು. ಅಕ್ಕ ಬಾಯಲ್ಲಿ ಹೇಳಬೇಕು, ಅತ್ತೆ ಟೈಪ್ ಮಾಡಬೇಕು. ಆದರೆ ಕೋರ್ಟಿನಲ್ಲಿ ಅಷ್ಟು ವರ್ಷ ಬೇರೆಯವರು ಹೇಳಿದ್ದನ್ನೇ ಟೈಪ್ ಮಾಡಿ ಮಾಡಿ ಅತ್ತೆಗೆ ರೋಸಿಹೋಗಿತ್ತು. ಈಗ ಅವರು ತಮ್ಮದನ್ನೂ ಸೇರಿಸುತ್ತಿದ್ದರು. ಕುಟುಂಬಗಳಲ್ಲಿ ಉಪ್ಪಿನ ಬಳಕೆ ಕಡಿಮೆ ಮಾಡುವ ಬಗ್ಗೆ ಅಕ್ಕ ಬರೆಸಿದ ಪ್ರಬಂಧದ ಕೊನೆಯಲ್ಲಿ, ‘ಮೇಲ್ಕಂಡ ಶಿಫಾರಸು ಈ ಮನೆಯ ಹಿರಿಯರಿಗೆ ಅನ್ವಯಿಸತಕ್ಕದ್ದಲ್ಲ’ ಅಂತ ಒಂದು ಸಾಲು ಸೇರಿತು. ಅಕ್ಕ ಅದನ್ನು ನೋಡಿದ್ದು ಕಳಿಸಿಯಾದ ಮೇಲೆ.

“ಏನತ್ತೆ ಇದು!”

“ಸತ್ಯ ತಾನೇ? ನನ್ನನ್ನ ಕೇಳದೆ ಶಿಫಾರಸು ಮಾಡೋದು ಯಾವ ನ್ಯಾಯ?”

ಪ್ರಬಂಧಕ್ಕೆ ಹತ್ತಕ್ಕೆ ಒಂಬತ್ತು ಬಂತು. ‘ಸಮುದಾಯದ ಪ್ರತಿರೋಧವನ್ನು ಚೆನ್ನಾಗಿ ದಾಖಲಿಸಿದ್ದೀರಿ’ ಅಂತ ಮೇಷ್ಟ್ರು ಬರೆದಿದ್ದರು. ಅವತ್ತಿಂದ ಅತ್ತೆಯನ್ನು ಹಿಡಿಯುವವರಿಲ್ಲ.

ಹೀಗೆ ಒಂದೂವರೆ ವರ್ಷ ಕಳೆದು ಪ್ರಾಜೆಕ್ಟು ಮಾಡುವ ಸಮಯ ಬಂತು. ಅಕ್ಕನ ಗೈಡು ಯಾವತ್ತೂ ಕ್ಯಾಮೆರಾ ಹಾಕದವರು. ಪರದೆಯ ಮೇಲೆ ಅವರಿದ್ದ ಜಾಗದಲ್ಲಿ ಒಂದು ಸೂರ್ಯಕಾಂತಿ ಹೂವಿನ ಚಿತ್ರ ಇರುತ್ತಿತ್ತು. ಆ ಹೂವು ಹೇಳಿತು: “ನೀವು ಆಸ್ಪತ್ರೆಯಲ್ಲೇ ಇದ್ದೀರಿ. ರೋಗಿಯನ್ನ ಮುಟ್ಟೋ ಮುಂಚೆ ಸಿಬ್ಬಂದಿ ಕೈ ತೊಳೀತಾರಾ ಇಲ್ವಾ ಅನ್ನೋದನ್ನ ಗಮನಿಸಿ. ಒಂದು ವಾರ್ಡು ಸಾಕು. ಯಾರಾದರೂ ರೋಗಿ ಹತ್ರ ಹೋದರೆ ಅದು ಒಂದು ಅವಕಾಶ. ತೊಳೆದರೆ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು. ಅಷ್ಟೇ, ಸುಲಭ.”

ಅಕ್ಕ ಗಂಡಸರ ಮೂಳೆ ವಾರ್ಡನ್ನು ಆರಿಸಿಕೊಂಡಳು. ಕುತ್ತಿಗೆಗೆ ಪೆನ್ನು ನೇತುಹಾಕಿ, ಕೈಯಲ್ಲಿ ರಟ್ಟು ಹಿಡಿದು, ಬೆಳಗ್ಗೆ ಒಂಬತ್ತಕ್ಕೆ ವಾಶ್‌ಬೇಸಿನ್ ಪಕ್ಕ ನಿಂತಳು. ಇಷ್ಟು ವರ್ಷ ನೆಲಮಾಳಿಗೆ ಬಿಟ್ಟು ಮೇಲೆ ಬರದಿದ್ದ ಬೆಡ್‌ಶೀಟ್ ಅಕ್ಕ ಏಕಾಏಕಿ ಎರಡನೇ ಮಹಡಿಯಲ್ಲಿ ಪಟ್ಟಿ ಹಿಡಿದು ನಿಂತದ್ದನ್ನು ಕಂಡು ಎಲ್ಲರ ಎದೆ ಧಸಕ್ ಅಂದಿತು. ಕದ್ದ ಬಟ್ಟೆ ಹಿಡಿಯಲು ಬಂದಿದ್ದಾಳೆ ಅಂತ ಸುದ್ದಿ ಹರಡಿತು. ಮಧ್ಯಾಹ್ನದ ಹೊತ್ತಿಗೆ ಸ್ಟೋರಿನ ಬಾಗಿಲಲ್ಲಿ ಹನ್ನೊಂದು ಬೆಡ್‌ಶೀಟು ಬಿದ್ದಿದ್ದವು. ಮಾರನೆ ದಿನಕ್ಕೆ ನಲವತ್ತೊಂದು. ಒಬ್ಬ ಅಟೆಂಡರ್ ಮನೆಯ ಕಿಟಕಿ ಪರದೆಯನ್ನೇ ಬಿಚ್ಚಿ ತಂದು, “ಅಕ್ಕ, ಇದು ಹೆಂಗೋ ನನ್ನ ಬ್ಯಾಗಲ್ಲಿ ಬಂದುಬಿಟ್ಟಿತ್ತು, ಏಳು ವರ್ಷದ ಹಿಂದೆ,” ಅಂದ. ಪರದೆಗೆ ಕೊಂಡಿಗಳೂ ಹೊಲಿದಿದ್ದವು.

ಮೂರನೆ ದಿನ ನಿಜ ಸಂಗತಿ ಹೊರಗೆ ಬಿತ್ತು. ಅಕ್ಕ ನೋಡುತ್ತಿರುವುದು ಬಟ್ಟೆಯನ್ನಲ್ಲ, ಕೈಯನ್ನು. ಅಲ್ಲಿಂದ ಶುರುವಾಯಿತು ನೋಡಿ ಕೈ ತೊಳೆಯುವ ಜಾತ್ರೆ. ಸಿಸ್ಟರುಗಳು ತೊಳೆದರು. ಡಾಕ್ಟರುಗಳು ತೊಳೆದರು. ಫ್ಯಾನು ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಏಣಿ ಹತ್ತುವ ಮುಂಚೆ ಒಂದು ಸಲ, ಇಳಿದ ಮೇಲೆ ಎರಡು ಸಲ ತೊಳೆದ. ಕರೆಂಟಿನವನು ಒದ್ದೆ ಕೈಯಲ್ಲಿ ಏಣಿ ಹತ್ತುವುದನ್ನು ನೋಡಲಾರದೆ ಅಕ್ಕ ಕಣ್ಣು ಮುಚ್ಚಿಕೊಂಡಳು. ವಾರ್ಡಿನ ದೊಡ್ಡವರು ಮೂಳೆ ಡಾಕ್ಟರು. ಅವರು ತೋಳು ಮಡಚಿ ಮೊಣಕೈ ತನಕ ಸೋಪು ಹಚ್ಚಿ ತೊಳೆದು ಅಕ್ಕನ ಕಡೆ ತಿರುಗಿದರು.

“ಬರ್ಕೊಂಡ್ಯಾ ಅಕ್ಕ?”

“ಬರ್ಕೊಂಡೆ ಸರ್.”

“ನಿನ್ನೆ ಎರಡು ಸಲ ಮರೆತಿದ್ದೆ. ಅದನ್ನೂ ಈಗಲೇ ತೊಳೆದುಬಿಡ್ತೀನಿ, ಬರ್ಕೋ,” ಅಂತ ಮತ್ತೆ ಎರಡು ಸಲ ತೊಳೆದರು.

ವಾರ ಮುಗಿದಾಗ ಸೋಪು ಖಾಲಿಯಾಗಿತ್ತು, ಬೇಸಿನ್ನಿನ ಪೈಪು ಕಟ್ಟಿಕೊಂಡಿತ್ತು, ಅಕ್ಕನ ಪಟ್ಟಿಯಲ್ಲಿ ಮೂರನೆ ದಿನದಿಂದ ಈಚೆಗೆ ನೂರಕ್ಕೆ ನೂರು ಸರಿ ಗುರುತು ಇದ್ದವು.

“ನೂರಕ್ಕೆ ನೂರಾ?” ಸೂರ್ಯಕಾಂತಿ ಹೂವು ನಕ್ಕಿತು. “ಭೂಮಿ ಮೇಲೆ ಇಂಥ ವಾರ್ಡಿಲ್ಲ ಮೇಡಂ. ನೀವು ನೋಡ್ತಿದ್ದೀರಿ ಅಂತ ತೊಳೆದಿದ್ದಾರೆ. ಅವರಿಗೆ ಗೊತ್ತಾಗದ ಹಾಗೆ ನೋಡಬೇಕು. ಹಾಂ, ಆದರೆ ಅವರ ಒಪ್ಪಿಗೆ ಪತ್ರಕ್ಕೆ ಸಹಿ ಮಾತ್ರ ಬೇಕೇ ಬೇಕು. ಅದು ನಿಯಮ.”

“ಸಹಿ ಹಾಕಿಸಿಕೊಂಡರೆ ಗೊತ್ತಾಗುತ್ತಲ್ಲ ಸರ್?”

“ಅದನ್ನ ನೀವೇ ಯೋಚನೆ ಮಾಡಿ. ಸಂಶೋಧನೆ ಅಂದ್ರೆ ಅದೇ.”

ಅಕ್ಕ ತಲೆ ಮೇಲೆ ಕೈ ಹೊತ್ತು ಮನೆಗೆ ಬಂದಳು. ಅತ್ತೆಗೆ ಇದು ದೊಡ್ಡ ವಿಷಯವೇ ಅಲ್ಲ. ಕೋರ್ಟಿನ ಭಾಷೆಯಲ್ಲಿ ಟಕಟಕ ಟೈಪ್ ಮಾಡಿದರು: ‘ನನಗೆ ತಿಳಿಯದಂತೆ ನನ್ನನ್ನು ಗಮನಿಸಲು ನಾನು ಸ್ವಂತ ಬುದ್ಧಿಯಿಂದ ಒಪ್ಪಿರುತ್ತೇನೆ. ಹಾಗೆ ಒಪ್ಪಿದ ಸಂಗತಿಯನ್ನು ಸಹಿ ಹಾಕಿದ ಕೂಡಲೇ ಮರೆತಿರುತ್ತೇನೆ.’ ವಾರ್ಡಿನ ಇಪ್ಪತ್ತೇಳು ಜನರೂ ಸಹಿ ಹಾಕಿದರು. ಒಬ್ಬರೂ ಓದಲಿಲ್ಲ. ಓದದೆ ಸಹಿ ಹಾಕಿದ್ದರಿಂದ ಮರೆಯುವುದೂ ಸುಲಭವಾಯಿತು.

ಇನ್ನು ಅಡಗಿ ನೋಡುವುದು. ಮೂಳೆ ವಾರ್ಡಿನ ಹದಿನಾಲ್ಕನೆ ಬೆಡ್ಡಿನಲ್ಲಿ ಒಬ್ಬ ರೋಗಿ ಇದ್ದರು. ಮೂವತ್ತನಾಲ್ಕು ವರ್ಷ ಒಂದು ದೊಡ್ಡ ಕಚೇರಿಯಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ನಿವೃತ್ತಿಯ ನಂತರ ಮೊದಲ ಬಾರಿಗೆ ಮೆಟ್ಟಿಲು ಹತ್ತಲು ಹೋಗಿ, ಅಭ್ಯಾಸವಿಲ್ಲದೆ ಉರುಳಿ, ಬಲಗೈ ಮತ್ತು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅವರನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಅಕ್ಕ ಅವರ ಹತ್ತಿರ ಹೋಗಿ ವಿಷಯ ಹೇಳಿ, “ನಿಮ್ಮ ಕಡೆಯವಳು ಅಂತ ಇಲ್ಲಿ ಕೂತ್ಕೊಳ್ಳಲಾ?” ಅಂತ ಕೇಳಿದಳು. ಅವರು ದಿಂಬಿನಿಂದ ತಲೆ ಎತ್ತಿದರು.

“ತಂಗಿ ಅಂತ ಹೇಳ್ಲಾ?”

“ಹೇಳಿ.”

“ಹಾಗಾದ್ರೆ ಬರಿಗೈಲಿ ಬರ್ತಾರೇನಮ್ಮ ಅಣ್ಣನ್ನ ನೋಡೋಕೆ? ನಾಳೆ ಕಿತ್ತಳೆ ಹಣ್ಣು ತಗೊಂಡು ಬಾ.”

ಮಾರನೆ ದಿನ ಅಕ್ಕ ಬೇರೆ ಸೀರೆ ಉಟ್ಟು, ಮೂಗು-ಬಾಯಿಗೆ ಮಾಸ್ಕು ಹಾಕಿ, ತಲೆಗೆ ಶಾಲು ಹೊದ್ದು, ಹಣ್ಣಿನ ಚೀಲ ಹಿಡಿದು ಬಂದು ಕೂತಳು. ಲಿಫ್ಟ್ ಅಣ್ಣ ಪಾತ್ರದೊಳಗೆ ಎಷ್ಟು ಇಳಿದಿದ್ದರೆಂದರೆ ಅಕ್ಕಪಕ್ಕದ ಬೆಡ್ಡಿನವರಿಗೆಲ್ಲ, “ನನ್ನ ಕೊನೇ ತಂಗಿ. ಚಿಕ್ಕೋಳಿದ್ದಾಗ ಹಠ ಅಂದ್ರೆ ಹಠ. ನನ್ನ ಸೈಕಲ್ಲನ್ನ ಬಾವಿಗೆ ತಳ್ಳಿದೋಳು,” ಅಂತ ಪರಿಚಯ ಮಾಡಿಕೊಟ್ಟರು. ಇಲ್ಲ ಅನ್ನುವಂತಿಲ್ಲ, ಅಕ್ಕ ತಲೆ ತಗ್ಗಿಸಿದಳು.

ಆ ವೇಷ ಒಂದು ಗಂಟೆಯೂ ನಿಲ್ಲಲಿಲ್ಲ. ಹದಿನಾಲ್ಕನೆ ಬೆಡ್ಡಿನ ಬೆಡ್‌ಶೀಟು ಒಂದು ಮೂಲೆಯಲ್ಲಿ ಜಾರಿತ್ತು. ಅಕ್ಕ ಸುಮ್ಮನಿರಲು ನೋಡಿದಳು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಕಿತ್ತಳೆ ಸುಲಿದಳು. ಕೊನೆಗೆ ತಡೆಯಲಾಗದೆ ಎದ್ದು ಮೂಲೆ ಎಳೆದು, ಮಡಿಸಿ, ಹಾಸಿಗೆ ಕೆಳಗೆ ತಳ್ಳಿದಳು. ವಾರ್ಡ್ ಸಿಸ್ಟರ್ ಆ ಮೂಲೆಯನ್ನು ನೋಡಿದವರೇ ಸೀದಾ ಬೇಸಿನ್ನಿನ ಕಡೆ ಓಡಿದರು. “ಬೆಡ್‌ಶೀಟ್ ಅಕ್ಕ ಬಂದಿದ್ದಾರೆ, ಎಲ್ಲರೂ ಕೈ ತೊಳ್ಕೊಳ್ರೀ!”

ಆಗ ಲಿಫ್ಟ್ ಅಣ್ಣನೇ ಉಪಾಯ ಹೇಳಿದರು. ಅವರ ಬೆಡ್ಡಿನಿಂದ ಬೇಸಿನ್ನು ನೇರ ಕಾಣುತ್ತದೆ. ತಲೆಯ ಹಿಂದೆ ಕಿಟಕಿ, ಕಿಟಕಿಯಾಚೆ ಕಾರಿಡಾರು, ಅಲ್ಲೊಂದು ಬೆಂಚು. “ಬಲಗೈ ಪ್ಲಾಸ್ಟರಿನಲ್ಲಿದೆ, ಬರೆಯೋಕಾಗಲ್ಲ. ಆದ್ರೆ ಕೆಮ್ಮಬಲ್ಲೆ. ನೀನು ಹೊರಗೆ ಕೂತ್ಕೋ. ತೊಳೆದ್ರೆ ಒಂದು ಕೆಮ್ಮು, ತೊಳೀದೆ ಮುಟ್ಟಿದ್ರೆ ಎರಡು. ಯಾರು ಒಳಗೆ ಬಂದ್ರು, ಯಾರು ಹೊರಗೆ ಹೋದ್ರು ಅಂತ ನೋಡೋದು ಬಿಟ್ಟು ಮೂವತ್ನಾಲ್ಕು ವರ್ಷ ಇನ್ನೇನು ಮಾಡಿದ್ದೀನಿ ನಾನು?”

ಕೆಲಸ ಸೊಗಸಾಗಿ ನಡೆಯಿತು. ಅಕ್ಕ ಬೆಂಚಿನ ಮೇಲೆ ಕೂತು ಕಿವಿ ನಿಮಿರಿಸಿ ಗುರುತು ಹಾಕಿದಳು. ಒಂದು ಕೆಮ್ಮು. ಎರಡು ಕೆಮ್ಮು. ಎರಡು. ಎರಡು. ಮತ್ತೆ ಎರಡು. ನಾಲ್ಕು ದಿನವಾದಾಗ ಪಟ್ಟಿಯ ತುಂಬ ತಪ್ಪು ಗುರುತೇ.

ಐದನೆ ದಿನ ಮೂಳೆ ಡಾಕ್ಟರು ರೌಂಡ್ಸಿಗೆ ಬಂದವರು ಹದಿನಾಲ್ಕರ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು. “ಈ ಕೆಮ್ಮು ಯಾವಾಗಿಂದ?”

ಲಿಫ್ಟ್ ಅಣ್ಣ ಎರಡು ಸಲ ಕೆಮ್ಮಿದರು. ಡಾಕ್ಟರು ಕೈ ತೊಳೆದಿರಲಿಲ್ಲ.

ಎಕ್ಸ್-ರೇ ತೆಗೆದರು. ಏನೂ ಕಾಣಲಿಲ್ಲ. ಏನೂ ಕಾಣದಿದ್ದದ್ದೇ ಡಾಕ್ಟರರ ಚಿಂತೆಗೆ ಕಾರಣವಾಯಿತು. ಶ್ವಾಸಕೋಶದ ಡಾಕ್ಟರನ್ನು ಕರೆಸಿದರು. ಅವರು ದಡದಡ ಬಂದು, ಕೈ ತೊಳೆಯದೆ, ಎದೆಗೆ ಸ್ಟೆತಾಸ್ಕೋಪು ಇಟ್ಟರು: ಎರಡು ಕೆಮ್ಮು. ಹಿಂದೆ ಸರಿದರು: ಕೆಮ್ಮಿಲ್ಲ. ಮತ್ತೆ ಮುಟ್ಟಿದರು: ಎರಡು ಕೆಮ್ಮು. ಸಿಸ್ಟರ್ ಕೈ ತೊಳೆದು ಬಂದು ಮುಟ್ಟಿದಾಗ ಒಂದೇ. ಶ್ವಾಸಕೋಶದ ಡಾಕ್ಟರು ಮೂವತ್ತು ವರ್ಷದ ಅನುಭವದಲ್ಲಿ ಇಂಥದನ್ನು ಕಂಡಿರಲಿಲ್ಲ. ಬಹಳ ಹೊತ್ತು ಯೋಚಿಸಿ ಮೂಳೆ ಡಾಕ್ಟರ ಕಿವಿಯಲ್ಲಿ ಹೇಳಿದರು: “ಇವರಿಗೆ ಡಾಕ್ಟರುಗಳಂದ್ರೆ ಅಲರ್ಜಿ. ಸಿಸ್ಟರ್ ಅಂದ್ರೆ ಸ್ವಲ್ಪ ಕಡಿಮೆ.”

ಲಿಫ್ಟ್ ಅಣ್ಣನನ್ನು ಒಂಟಿ ಕೋಣೆಗೆ ಹಾಕಿದರು. ಬಾಗಿಲಿಗೆ ಕೆಂಪು ಬೋರ್ಡು ತೂಗಿತು. ದಿನಕ್ಕೆ ಮೂರು ಹೊತ್ತು ಕಹಿ ಸಿರಪ್ಪು. ಅಕ್ಕ ಓಡಿಹೋಗಿ ಬಾಗಿಲ ಗಾಜಿನಿಂದ ನೋಡಿದರೆ, ಅವರು ಔಷಧಿಯ ಚಮಚ ಬಾಯಿಗಿಟ್ಟು ಮುಖ ಸಿಂಡರಿಸಿ, ಅಕ್ಕನನ್ನು ಕಂಡು ಎಡಗೈ ಎತ್ತಿ ಸಮಾಧಾನ ಮಾಡಿದರು. ಔಷಧಿ ಕೊಡಲು ಬಂದವರ ಬಗ್ಗೆಯೂ ನಿಷ್ಠೆಯಿಂದ ಎರಡು ಸಲ ಕೆಮ್ಮಿದರು. ಸಿಸ್ಟರು ಅದನ್ನು ಕೇಸ್ ಶೀಟಿನಲ್ಲಿ ‘ಉಲ್ಬಣ’ ಅಂತ ಬರೆದುಕೊಂಡರು.

ಅಕ್ಕ ಬಾಗಿಲ ಮುಂದಿನಿಂದ ಸರಿದಳು. ನನ್ನ ಡಿಗ್ರಿಗೋಸ್ಕರ ಒಬ್ಬ ಮನುಷ್ಯ ಇಲ್ಲದ ರೋಗಕ್ಕೆ ಮದ್ದು ಕುಡಿಯಬೇಕೆ? ಶವಾಗಾರದ ಸೀಲೇ ಬಿದ್ದರೂ ಬೀಳಲಿ ಅಂತ ಪಟ್ಟಿ ಹಿಡಿದು ಸೀದಾ ಮೂಳೆ ಡಾಕ್ಟರ ಕೋಣೆಗೆ ನುಗ್ಗಿ, ಒಂದೂ ಬಿಡದೆ ಎಲ್ಲ ಹೇಳಿದಳು.

ಡಾಕ್ಟರ ಮುಖ ಮೊದಲು ಕೆಂಪಾಯಿತು. ಆಮೇಲೆ ಬೆಳ್ಳಗಾಯಿತು. ಎದ್ದು ಬಾಗಿಲು ಹಾಕಿ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: “ನನ್ನದು ಎಷ್ಟು?”

“ಹೆಸರು ಬರೆದಿಲ್ಲ ಸರ್.”

“ಬರೆದಿರಲ್ಲ, ಗೊತ್ತಿರುತ್ತೆ. ಹೇಳು.”

“ಹನ್ನೊಂದರಲ್ಲಿ ಎರಡು ಸರ್.”

“ಎರಡೇ!” ಅಂದವರು ಕುರ್ಚಿ ಎಳೆದು ಕೂತು, “ಆ ಎರಡು ಯಾವುದು?” ಅಂದರು.

“ಒಂದು ಸಲ ಕೈ ಮೇಲೆ ಟೀ ಚೆಲ್ಲಿತ್ತು ಸರ್. ಇನ್ನೊಂದು ಸಲ ನಾನು ಬಟ್ಟೆ ಗಾಡಿ ತಳ್ಕೊಂಡು ಒಳಗೆ ಬಂದಿದ್ದೆ.”

ಡಾಕ್ಟರು ತಮ್ಮ ಎರಡು ಅಂಗೈಯನ್ನೂ ಮೇಜಿನ ಮೇಲಿಟ್ಟು ಬೇರೆಯವರ ಕೈ ನೋಡುವ ಹಾಗೆ ನೋಡಿಕೊಂಡರು. ಬೈಯಲಿಲ್ಲ. ಫೋನೆತ್ತಿ ಹದಿನಾಲ್ಕರವರನ್ನು ವಾರ್ಡಿಗೆ ವಾಪಸು ತರಲು ಹೇಳಿದರು. “ಕಾಯಿಲೆ ವಾಸಿಯಾಯ್ತು,” ಅಂದರು ಫೋನಿನಲ್ಲಿ, “ಹೇಗೆ ಅಂತ ಕೇಳ್ಬೇಡಿ.” ಶ್ವಾಸಕೋಶದ ಡಾಕ್ಟರಿಗೆ ಮಾತ್ರ ಯಾರೂ ನಿಜ ಹೇಳಲಿಲ್ಲ. ಅವರು ಈ ಕೇಸನ್ನು ಒಂದು ಸಮ್ಮೇಳನದಲ್ಲಿ ಮಂಡಿಸಿ ಬಂದರು ಅಂತ ಸುದ್ದಿ.

ಅಷ್ಟು ಹೊತ್ತಿಗೆ ಪಟ್ಟಿಯಲ್ಲಿ ನೂರಾ ಹನ್ನೆರಡು ಅವಕಾಶ, ಇಪ್ಪತ್ತೊಂಬತ್ತು ಸರಿ ಗುರುತು ಇದ್ದವು. ಅಕ್ಕ ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟಳು: ನಾನು ನಿಂತಾಗ ನೂರಕ್ಕೆ ನೂರು, ನಾನಿಲ್ಲದಾಗ ನೂರಕ್ಕೆ ಇಪ್ಪತ್ತಾರು. ಕೆಮ್ಮಿನ ವಿಧಾನವನ್ನು ಮುಚ್ಚಿಡದೆ ಬರೆಸಿದಳು. ಅತ್ತೆ ಒಂದೇ ಒಂದು ಸಾಲು ಸೇರಿಸಿದರು: ‘ಸದರಿ ಕೆಮ್ಮುಗಾರರು ಪ್ರಾಮಾಣಿಕರೆಂದು ಪ್ರಮಾಣೀಕರಿಸಲಾಗಿದೆ.’ ಈ ಸಲ ಅಕ್ಕ ಅದನ್ನು ಅಳಿಸಲಿಲ್ಲ.

ಮೌಖಿಕ ಪರೀಕ್ಷೆ ಒಂದು ಮಧ್ಯಾಹ್ನ ಸ್ಟೋರಿನಲ್ಲೇ ಆಯಿತು. ಪರದೆಯ ಮೇಲೆ ಒಂದು ಕಡೆ ಸೂರ್ಯಕಾಂತಿ, ಇನ್ನೊಂದು ಕಡೆ ಹೊರಗಿನಿಂದ ಬಂದ ಪರೀಕ್ಷಕಿ. ದಪ್ಪ ಕನ್ನಡಕದ ಹೆಂಗಸು, ನಗು ಅನ್ನುವುದು ಆ ಮುಖಕ್ಕೆ ಪರಿಚಯವೇ ಇಲ್ಲ. ಗಂಡ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ. ಪ್ರತಿ ಪ್ರಶ್ನೆಗೂ ಅವನ ಕಾಲು ನೆಲವನ್ನು ಒತ್ತುತ್ತಿದ್ದದ್ದು ಅಕ್ಕನಿಗೆ ಬಾಗಿಲ ಸಂದಿಯಿಂದ ಕಾಣುತ್ತಿತ್ತು.

“ಕೆಮ್ಮಿನ ಮೇಲೆ ಕಟ್ಟಿದ ಸಂಶೋಧನೆಯನ್ನ ನಾನು ಯಾಕೆ ನಂಬಬೇಕು?” ಅಂದರು ಪರೀಕ್ಷಕಿ. “ಬರೀ ಶಬ್ದ ಕೇಳಿ ಒಬ್ಬರು ಕೈ ತೊಳೆದರೋ ಇಲ್ಲವೋ ಅಂತ ಹೇಳೋಕಾಗುತ್ತಾ?”

ಅಕ್ಕ ಉತ್ತರಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಸೂರ್ಯಕಾಂತಿ ಹೂವಿನೊಳಗಿಂದ ಒಂದು ಕುರ್ಚಿ ಸರಿದ ಸದ್ದು ಬಂತು. ಚಪ್ಪಲಿ ಸದ್ದು. ಒಂದು ಬಾಗಿಲು ಕಿರ್ ಅಂದಿತು. ಗೈಡ್ ಸರ್ ಕ್ಯಾಮೆರಾ ಹಾಕದವರು ಸರಿ, ಆದರೆ ಮೈಕು ಆರಿಸಲು ಮರೆತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಟಾಯ್ಲೆಟ್ಟಿನ ಫ್ಲಶ್ಶು ಭೋರ್ ಅಂತ ಸುರಿಯಿತು. ಬಾಗಿಲು ಮತ್ತೆ ಕಿರ್ ಅಂದಿತು. ಚಪ್ಪಲಿ, ಕುರ್ಚಿ. “ಹಾಂ, ಮುಂದುವರಿಸಿ,” ಅಂದಿತು ಹೂವು.

ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡರು.

“ಈಗ ನೀವೇನು ಗಮನಿಸಿದಿರಿ?” ಅಂದರು ಪರೀಕ್ಷಕಿ, ಅಕ್ಕನನ್ನು ದಿಟ್ಟಿಸಿ.

ಮಾರ್ಕು ಕೊಡುವವರು ಗೈಡು. ಆದರೆ ಕೇಳಿದ್ದಕ್ಕೆ ಕೇಳಿದಂತೆ ಹೇಳಬೇಕಲ್ಲ.

“ಒಂದು ಅವಕಾಶ, ಮೇಡಂ. ನಲ್ಲಿ ಸದ್ದು ಕೇಳಲಿಲ್ಲ. ಆದ್ರೆ ತಪ್ಪು ಗುರುತು ಹಾಕೋಕಾಗಲ್ಲ. ನಲ್ಲಿ ಮೈಕಿಂದ ದೂರ ಇರಬಹುದು. ನಾನಾಗಿದ್ರೆ ‘ಗೊತ್ತಿಲ್ಲ’ ಅಂತ ಬರೀತಿದ್ದೆ. ನಮ್ಮ ಅಣ್ಣ ಆದ್ರೆ ಕಣ್ಣಾರೆ ನೋಡಿ ಕೆಮ್ಮಿದ್ದು. ಅವರ ಕೆಮ್ಮನ್ನ ಈ ಶಬ್ದಕ್ಕಿಂತ ಜಾಸ್ತಿ ನಂಬಬಹುದು.”

ಹೂವಿನ ಆಚೆ ಕುರ್ಚಿ ಧಡಾರನೆ ಸರಿಯಿತು. ಚಪ್ಪಲಿಗಳು ಓಡಿದವು. ನಲ್ಲಿ ಸುರಿಯತೊಡಗಿತು: ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು.

“ಈಗ ಕೇಳಿಸ್ತು,” ಅಂದರು ಪರೀಕ್ಷಕಿ.

“ಇದು ಲೆಕ್ಕಕ್ಕಿಲ್ಲ ಮೇಡಂ,” ಅಂದಳು ಅಕ್ಕ. “ನಾವು ಕೇಳಿಸಿಕೊಳ್ತಿದ್ದೀವಿ ಅಂತ ಅವರಿಗೆ ಗೊತ್ತಾಗಿದೆ.”

ಪರೀಕ್ಷಕಿಯ ಕನ್ನಡಕ ಮೂಗಿನಿಂದ ಜಾರಿತು. ಅವರು ಪರದೆಯಿಂದ ಮುಖ ಆಚೆ ತಿರುಗಿಸಿದರು, ಹೆಗಲು ಎರಡು ನಿಮಿಷ ಕುಣಿಯಿತು. ಆಮೇಲೆ ಗಂಟಲು ಸರಿ ಮಾಡಿಕೊಂಡು, “ನನಗೆ ಬೇರೆ ಪ್ರಶ್ನೆಗಳಿಲ್ಲ,” ಅಂದರು. ಗೈಡಿಗೂ ಇರಲಿಲ್ಲ.

ಅಕ್ಕ ಮೊದಲ ದರ್ಜೆಯಲ್ಲಿ ಪಾಸಾದಳು. ಸುದ್ದಿ ತಿಳಿಸಲು ಹೋದರೆ ಸೂಪರಿಂಟೆಂಡೆಂಟರು ಹೊಸ ನಕ್ಷೆ ಬರೆಯುತ್ತಿದ್ದರು. ಅವರ ಪ್ರಕಾರ ಅಕ್ಕನ ಓದು ಈಗ ಹಳದಿ ಚೌಕಕ್ಕಿಂತ ದೊಡ್ಡದಾಗಿತ್ತು. ನೀನು ನಿಂತರೆ ಎಲ್ಲರೂ ಕೈ ತೊಳೆಯುತ್ತಾರೆ ಅಂತ ನೀನೇ ಸಾಬೀತು ಮಾಡಿದ್ದೀಯ; ಇನ್ನು ಮುಂದೆ ಬೆಳಗ್ಗೆಯಿಂದ ಸಂಜೆ ತನಕ ವಾರ್ಡಿನಲ್ಲಿ ನಿಲ್ಲುವುದೇ ನಿನ್ನ ಹುದ್ದೆ; ಸ್ಟೋರನ್ನು ಪಕ್ಕದವರು ನೋಡಿಕೊಳ್ಳಲಿ, ಅಂದರು. ಅಕ್ಕನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅವಳನ್ನು ಕಾಪಾಡಿದ್ದು ಶವಾಗಾರದ ಯಜಮಾನರೇ. ಯಾವತ್ತೂ ಮೇಲೆ ಬಾರದವರು ಮೆಟ್ಟಿಲು ಹತ್ತಿ ಬಂದು ಕೈ ಮುಗಿದರು: “ನನಗೆ ಬೇಡ ಸರ್. ನನ್ನ ಹತ್ರ ಬರೋರಿಗೆ ಒಂದೇ ಬೆಡ್‌ಶೀಟು ಸಾಕು. ಅವರು ಚೇಂಜ್ ಮಾಡಿ ಅಂತ ಕೇಳಿದ್ದೇ ಇಲ್ಲ. ಈ ಗಲಾಟೆ ನನ್ನಿಂದಾಗೋದಿಲ್ಲ.” ಕೊನೆಗೆ ಬೆಳಗ್ಗೆ ಎರಡು ಗಂಟೆ ವಾರ್ಡಿನಲ್ಲಿ ನಿಲ್ಲುವುದು, ಉಳಿದ ಹೊತ್ತು ಸ್ಟೋರು ಅಂತ ತೀರ್ಮಾನವಾಯಿತು.

ಲಿಫ್ಟ್ ಅಣ್ಣ ಕೋಲೂರಿ ನಡೆಯುವಷ್ಟಾಗಿ ಮನೆಗೆ ಹೋದರು. ತಿಂಗಳಿಗೊಮ್ಮೆ ತೋರಿಸಲು ಬಂದಾಗ ಸ್ಟೋರಿಗೆ ಇಳಿದು ಕಂಬಳಿ ಕಟ್ಟಿನ ಮೇಲೆ ಕೂತು ಟೀ ಕುಡಿಯುತ್ತಾರೆ. ಅತ್ತೆಗೂ ಅವರಿಗೂ ಪರಿಚಯವಾಗಿ, ಬಾವಿಗೆ ಬಿದ್ದ ಸೈಕಲ್ಲಿನ ಕಥೆಯನ್ನು ಅತ್ತೆ ಈಗ ನಿಜವೆಂದೇ ನಂಬಿದ್ದಾರೆ. ಇಂಥವಳನ್ನ ನನ್ನ ಮಗನಿಗೆ ಕಟ್ಟಿದರಲ್ಲ, ಅನ್ನುತ್ತಾರೆ.

ಹೊಸ ಕೆಲಸದ ಮೂರನೆ ವಾರ ಅಕ್ಕ ಒಂದು ವಿಷಯ ಗಮನಿಸಿದಳು. ಎಲ್ಲರೂ ಕೈ ತೊಳೆಯುತ್ತಾರೆ, ನಿಜ. ತೊಳೆದ ಮೇಲೆ ಒರೆಸಿಕೊಳ್ಳಲು ಏನೂ ಇಲ್ಲ. ಸಿಸ್ಟರುಗಳು ಸೆರಗಿಗೆ ಒರೆಸುತ್ತಾರೆ, ಡಾಕ್ಟರುಗಳು ಪ್ಯಾಂಟಿಗೆ ಒರೆಸುತ್ತಾರೆ, ಅದೇ ಕೈಯಲ್ಲಿ ರೋಗಿಯನ್ನು ಮುಟ್ಟುತ್ತಾರೆ. ಎರಡು ವರ್ಷದ ಪಾಠದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಟವೆಲು ಬೇಕು ಅಂತ ಸೂಪರಿಂಟೆಂಡೆಂಟರಿಗೆ ಬರೆದಳು. ಅದಕ್ಕೊಂದು ಅಧ್ಯಯನ ಆಗಬೇಕು ಅಂತ ಉತ್ತರ ಬಂತು.

ಅಕ್ಕ ಆ ಉತ್ತರವನ್ನು ಮಡಿಸಿ ಇಟ್ಟು, ಹರಿದ ಹಳೇ ಬೆಡ್‌ಶೀಟುಗಳ ಕಟ್ಟು ಬಿಚ್ಚಿ, ಕತ್ತರಿ ತೆಗೆದುಕೊಂಡಳು. ಚೌಕ ಚೌಕವಾಗಿ ಕತ್ತರಿಸಿ, ಲಾಂಡ್ರಿಯಲ್ಲಿ ಕುದಿಸಿ ಒಗೆಸಿ, ಇಸ್ತ್ರಿ ಮಾಡಿಸಿ, ಬೇಸಿನ್ ಪಕ್ಕದ ಕಟ್ಟೆಯ ಮೇಲೆ ಒಂದು ಬುಟ್ಟಿ ತುಂಬ ಜೋಡಿಸಿದಳು. ಕೆಳಗೆ ಬಳಸಿದ್ದು ಹಾಕಲು ಇನ್ನೊಂದು ಬುಟ್ಟಿ. ಮೂಳೆ ಡಾಕ್ಟರು ಕೈ ತೊಳೆದು, ಒಂದನ್ನು ಅನುಮಾನದಿಂದ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದು ಯಾರ ಐಡಿಯಾ ಅಕ್ಕ? ನೀನೇ ಮಾಡಿದ್ದಾ?”

ನಾನೇ ಅಂದರೆ ಏನಾಗುತ್ತದೆ ಅಂತ ಅಕ್ಕನಿಗೆ ಇಪ್ಪತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ಚೆನ್ನಾಗಿ ಗೊತ್ತಿತ್ತು.

“ಇಲ್ಲ ಸರ್,” ಅಂದಳು, ಮುಖ ಒಂದಿಷ್ಟೂ ಅಲುಗಿಸದೆ. “ಮೇಲಿಂದ ಹೇಳಿದ್ದಾರೆ.”

“ಹೌದಾ!” ಅಂತ ಡಾಕ್ಟರು ಒಂದು ಚೌಕದಲ್ಲಿ ಎಡಗೈ ಒರೆಸಿ, ಬಲಗೈಗೆ ಅಂತ ಇನ್ನೊಂದನ್ನು ಎತ್ತಿಕೊಂಡರು.